ದೂರು ಕೊಡಲು ರೋಗಿಗೂ ಒಂದು ಬಾಗಿಲು ಬೇಕು: ಆರೋಗ್ಯ ಸಚಿವರಿಗೆ ಚಿಂತಾಮಣಿಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಸಚಿವರಿಗೆ, ಚಿಕ್ಕಬಳ್ಳಾಪುರ ಜಿಲ್ಲೆಯ ಐದೂ ಕ್ಷೇತ್ರಗಳ ಶಾಸಕರಿಗೆ,

ನಮಸ್ಕಾರ.

ನಾನು ಚಿಂತಾಮಣಿಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ಫಾರ್ಮಸಿಸ್ಟ್. ಡಾಕ್ಟರು ಬರೆದ ಚೀಟಿ ನೋಡಿ ಔಷಧಿ ಕೊಡುವುದು ನನ್ನ ಕೆಲಸ. ಯಾವ ಡಾಕ್ಟರ ಮೇಲಿನ ಸಿಟ್ಟಿನಿಂದಲೂ ಈ ಪತ್ರ ಬರೆಯುತ್ತಿಲ್ಲ. ನನ್ನ ಮನೆ ನಡೆಯುವುದೇ ಅವರ ಚೀಟಿಯಿಂದ. ಈ ಊರಿನಲ್ಲಿ ರಾತ್ರಿ ಎಷ್ಟು ಹೊತ್ತಾದರೂ ಎದ್ದು ಬರುವ ಡಾಕ್ಟರುಗಳನ್ನು ನಾನು ಬಲ್ಲೆ. ಅವರ ಬಗ್ಗೆ ನನಗೆ ಗೌರವ ಇದೆ.

ನಾನು ಹೇಳಬೇಕಾದದ್ದು ಒಂದೇ. ಚಿಕಿತ್ಸೆ ಕೊಡುವವರನ್ನು ಹದ್ದುಬಸ್ತಿನಲ್ಲಿಡಲು ನಮ್ಮಲ್ಲಿ ಬೇಕಾದಷ್ಟು ಕಾಯ್ದೆಗಳಿವೆ. ಆ ಕಾಯ್ದೆಗಳನ್ನು ಬರೆಯುವಾಗ ಚಿಕಿತ್ಸೆ ತೆಗೆದುಕೊಳ್ಳುವವರನ್ನು ಯಾರೂ ಸರಿಯಾಗಿ ನೆನೆಸಿಕೊಳ್ಳಲಿಲ್ಲ. ಅದನ್ನು ಈಗಲಾದರೂ ಸರಿಮಾಡಿ.

ವೈದ್ಯರಿಗೆ 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆ ಇದೆ. ಅದರ ಮೇಲೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆ ಇದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳಿಗೆ ಎಲ್ಲರೂ ಕೆಪಿಎಂಇ ಅನ್ನುವ 2007ರ ಕಾಯ್ದೆ. ನಾವು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದೂ ಅದೇ ವರ್ಷ. ಲ್ಯಾಬ್ ಟೆಕ್ನಿಷಿಯನ್, ಫಿಸಿಯೋಥೆರಪಿಸ್ಟ್ ಮುಂತಾದವರಿಗೆ 2021ರಲ್ಲಿ, ನರ್ಸುಗಳಿಗೂ ದಂತವೈದ್ಯರಿಗೂ 2023ರಲ್ಲಿ ಹೊಸ ಕಾಯ್ದೆಗಳು ಬಂದವು. ನನ್ನಂಥವರಿಗೆ 1948ರ ಫಾರ್ಮಸಿ ಕಾಯ್ದೆ. ಕಾಗದದ ಮೇಲೆ ಯಾವುದಕ್ಕೂ ಕೊರತೆ ಇಲ್ಲ.

ಇನ್ನು ನನ್ನ ಅಂಗಡಿಯ ಕೌಂಟರಿಗೆ ಬನ್ನಿ.

ಚೇಳೂರು ಕಡೆಯ ಬಸ್ಸು ಬಂದು ನಿಂತರೆ ಅಂಗಡಿ ಮುಂದೆ ಜನ ಸೇರುತ್ತಾರೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಪೇಪರ್ ಚೂರಿನಲ್ಲಿ ಮಡಿಸಿದ ಪೊಟ್ಟಣ ಇಟ್ಟರು. ಒಳಗೆ ನಾಲ್ಕು ಮಾತ್ರೆ. ಸ್ಟ್ರಿಪ್ಪಿನಿಂದ ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿದ್ದು, ಎಲ್ಲೂ ಪೂರ್ತಿ ಹೆಸರು ಬರದ ಹಾಗೆ. "ಇದೇ ಮಾತ್ರೆ ಇನ್ನೊಂದು ವಾರಕ್ಕೆ ಕೊಡಪ್ಪ" ಅಂದರು. ಚೀಟಿ ಕೇಳಿದೆ. ಚೀಟಿ ಇಲ್ಲ. ಫಾಯಿಲಿನ ಮೇಲೆ ಉಳಿದಿದ್ದ ಅರ್ಧ ಹೆಸರು ಓದಿದೆ. ಚಿಕ್ಕ ಬಿಳಿ ಮಾತ್ರೆ ಡೆಕ್ಸಾಮೆಥಾಸೋನ್. ಸ್ಟೀರಾಯ್ಡ್. ಅಜ್ಜಿಯ ಮುಖ ನೋಡಿದೆ. ಕೆನ್ನೆ ಊದಿ ಗುಂಡಗಾಗಿತ್ತು. ಮುಂಗೈ ಮೇಲೆ ಎಲ್ಲೂ ಪೆಟ್ಟು ಬೀಳದೆಯೇ ನೀಲಿಗಟ್ಟಿದ ಕಲೆಗಳು. "ಶುಗರ್ ಪರೀಕ್ಷೆ ಮಾಡಿಸಿದ್ದೀರಾ ಅಜ್ಜಿ?" ಅಂದೆ. "ಅದೆಲ್ಲ ಏನಕ್ಕೆ? ಮಂಡಿನೋವು ಹೋಯ್ತಲ್ಲ. ಆ ಡಾಕ್ಟರು ದೇವರಂಥೋರು" ಅಂದರು.

ಅವರು ಡಾಕ್ಟರಲ್ಲ. ನಮ್ಮ ಕಡೆ ಅಂಥವರನ್ನು ಆರ್‌ಎಂಪಿ ಡಾಕ್ಟರ್ ಅನ್ನುತ್ತಾರೆ. ಒಂದು ಟೇಬಲ್, ಒಂದು ಮಂಚ, ಗ್ಲೂಕೋಸ್ ಬಾಟಲಿ ತೂಗುಹಾಕಲು ಗೋಡೆಯಲ್ಲಿ ಒಂದು ಮೊಳೆ. ಅಷ್ಟಿದ್ದರೆ ಅಂಗಡಿ ಶುರು. ಸ್ಟೀರಾಯ್ಡ್ ಕೊಟ್ಟರೆ ನೋವು ಬೇಗ ತಗ್ಗುತ್ತದೆ, ಅದು ನಿಜ. ತಿಂಗಳುಗಟ್ಟಲೆ ತಿಂದರೆ ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ. ಒಮ್ಮೆಲೇ ನಿಲ್ಲಿಸಿದರೂ ಜೀವಕ್ಕೆ ಅಪಾಯ. ಹಾಗಾಗಿ ಅಜ್ಜಿಗೆ "ಇದನ್ನು ಬಿಟ್ಟುಬಿಡಿ" ಅಂತ ಸುಮ್ನೆ ಹೇಳಿ ಕಳಿಸುವ ಹಾಗೂ ಇಲ್ಲ. ಅದೇ ಗಳಿಗೆಯಲ್ಲಿ ಅವರನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ.

ನಮ್ಮ ಕಡೆ ಮಂಡಿನೋವು ಯಾಕೆ ಇಷ್ಟು ಜಾಸ್ತಿ ಅನ್ನುವುದು ತಮಗೆ ಗೊತ್ತಿರಬಹುದು. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಬಾಗೇಪಲ್ಲಿ ಕಡೆ ಅಂಥ ನೀರನ್ನೇ ದಶಕಗಟ್ಟಲೆ ಕುಡಿದು ಕೀಲು ಬಿಗಿದುಕೊಂಡವರಿದ್ದಾರೆ. ಅದು ಸಾಲದು ಅಂತ ಬಗ್ಗಿ ಟೊಮೇಟೊ ಕೀಳುವ ಕೂಲಿ. ಬೆಳಗಿನಿಂದ ನಿಂತು ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಕೆಲಸ. ಇವರಿಗೆ ನೋವು ದಿನಾ ಇರುತ್ತದೆ. ಸೂಜಿ ಚುಚ್ಚಿಸಿಕೊಂಡು ನಾಳೆ ಕೂಲಿಗೆ ಹೋಗಬೇಕು. ಅವರನ್ನು ದಡ್ಡರು ಅಂದರೆ ನಾನು ಒಪ್ಪುವುದಿಲ್ಲ.

ಇದಕ್ಕೆ ಸರ್ಕಾರ ಮಾಡುವುದು ದಾಳಿ. ಜೀಪು ಬರುತ್ತದೆ, ಬೀಗ ಬೀಳುತ್ತದೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಕೆಲವು ದಿನ ಕಳೆದ ಮೇಲೆ ಅದೇ ಮನುಷ್ಯ ಪಕ್ಕದ ಹೋಬಳಿಯಲ್ಲಿ, ಇಲ್ಲವೇ ಗಡಿ ದಾಟಿ ಆಂಧ್ರದ ಹಳ್ಳಿಯಲ್ಲಿ ಮಂಚ ಹಾಕಿರುತ್ತಾನೆ. ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಅಂತ 2019ರ ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ. ಶಿಕ್ಷೆ ಸಾಲದು ಅನ್ನುವುದಲ್ಲ ನನ್ನ ತಕರಾರು. ಆ ಮಂಚ ಖಾಲಿಯಾದ ಮೇಲೆ ಆ ಹಳ್ಳಿಯಲ್ಲಿ ರಾತ್ರಿ ಎಂಟು ಗಂಟೆಗೆ ಯಾರಿದ್ದಾರೆ? ಪ್ರಾಥಮಿಕ ಆರೋಗ್ಯ ಕೇಂದ್ರ 30,000 ಜನಕ್ಕೆ ಒಂದು ಅನ್ನುವುದು ಬಯಲುಸೀಮೆಯ ಲೆಕ್ಕ. ಸಂಜೆಯಾದ ಮೇಲೆ ಅಲ್ಲಿ ಡಾಕ್ಟರು ಸಿಗುವುದು ಅದೃಷ್ಟ.

ಅದೇ ಕಾಯ್ದೆಯ 32ನೇ ಸೆಕ್ಷನ್ನಿನಲ್ಲಿ ಒಂದು ದಾರಿ ಇದೆ. ಸಮುದಾಯ ಆರೋಗ್ಯ ಸೇವೆ ಕೊಡುವವರಿಗೆ ಸೀಮಿತ ಪರವಾನಗಿ ಕೊಡಬಹುದು, ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಭಾಗ ಮೀರಬಾರದು ಅಂತ ಅದು ಹೇಳುತ್ತದೆ. ಡಾಕ್ಟರುಗಳ ಸಂಘಗಳು ಇದನ್ನು ವಿರೋಧಿಸಿದವು. ಅರೆಬರೆ ಕಲಿತವರ ಕೈಗೆ ಜನರನ್ನು ಕೊಡಬೇಡಿ ಅನ್ನುವುದು ಅವರ ವಾದ. ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಉಪಕೇಂದ್ರಗಳಲ್ಲಿ ಈಗಾಗಲೇ ಸಮುದಾಯ ಆರೋಗ್ಯ ಅಧಿಕಾರಿಗಳು, ಅಂದರೆ ಸಿಎಚ್‌ಒಗಳಿದ್ದಾರೆ. ನರ್ಸಿಂಗ್ ಓದಿ, ಮೇಲೆ ತರಬೇತಿ ಪಡೆದವರು. ಬಿಪಿ, ಶುಗರ್ ನೋಡುತ್ತಾರೆ, ಹಳ್ಳಿಯವರ ಹೆಸರು ಹಿಡಿದು ಕರೆಯುತ್ತಾರೆ. ಇವರಿಗೆ ಯಾವ ಔಷಧಿ ಬರೆಯುವ ಅಧಿಕಾರ ಇದೆ, ಯಾವುದಕ್ಕೆ ಇಲ್ಲ ಅಂತ ಕಾನೂನಿನಲ್ಲೇ ಪಟ್ಟಿ ಮಾಡಿ ಕೊಡಿ. ಡೆಕ್ಸಾ ಕೊಡುವವನಿಗಿಂತ ಸಾವಿರ ಪಾಲು ವಾಸಿ ಅಲ್ವಾ ಅದು?

ಬಿಎಎಂಎಸ್, ಅಂದರೆ ಆಯುರ್ವೇದ ಪದವಿ ಓದಿದವರ ವಿಚಾರವೂ ಹೀಗೇ ತೂಗಾಡುತ್ತಿದೆ. ಹೋಮಿಯೋಪತಿ ಓದಿದವರು ಅಲೋಪತಿ ಔಷಧಿ ಕೊಟ್ಟರೆ ಅದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಹೋಬಳಿ ಕೇಂದ್ರಗಳಲ್ಲಿ ರಾತ್ರಿ ದೀಪ ಉರಿಯುವುದು ಬಹಳ ಸಲ ಆಯುರ್ವೇದ ಓದಿದವರ ಕ್ಲಿನಿಕ್ಕಿನಲ್ಲೇ. ಅವರು ಬರೆಯುವ ಚೀಟಿಯಲ್ಲಿ ಏನಿರುತ್ತದೆ ಅನ್ನುವುದು ನನ್ನಂಥ ಪ್ರತಿ ಅಂಗಡಿಯವರಿಗೂ ಗೊತ್ತು. ಯಾವುದು ಸರಿ, ಯಾವುದು ತಪ್ಪು ಅಂತ ಸ್ಪಷ್ಟವಾಗಿ ಬರೆದುಕೊಡಿ. ಎಲ್ಲರೂ ನೋಡಿಯೂ ನೋಡದ ಹಾಗೆ ಇರುವುದು ರೋಗಿಗೂ ಒಳ್ಳೆಯದಲ್ಲ, ಆ ಡಾಕ್ಟರಿಗೂ ಒಳ್ಳೆಯದಲ್ಲ.

ಈಗ ಅಸಲು ಡಾಕ್ಟರನ್ನು ಗುರುತಿಸುವ ಮಾತು. ಕ್ಲಿನಿಕ್ಕಿನಲ್ಲೂ ಚೀಟಿಯ ಮೇಲೂ ನೋಂದಣಿ ಸಂಖ್ಯೆ ಇರಬೇಕು ಅನ್ನುವುದು 2002ರ ವೈದ್ಯರ ನಡವಳಿಕೆ ನಿಯಮ. ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಅಂತ ಸರ್ಕಾರ ಆದೇಶವನ್ನೂ ಮಾಡಿತು. ಒಳ್ಳೆಯ ಯೋಚನೆ. ಆದರೆ ಬಣ್ಣ ಯಾರು ಬೇಕಾದರೂ ಬಳಿಸಬಹುದು. ಸಂಖ್ಯೆ ಯಾರು ಬೇಕಾದರೂ ಬರೆಸಬಹುದು. ಅಜ್ಜಿಯ ಮೊಮ್ಮಗನ ಕೈಯಲ್ಲಿ ಫೋನ್ ಇದೆ. ಟೀ ಅಂಗಡಿಯಲ್ಲಿ ಹತ್ತು ರೂಪಾಯಿಗೂ ಸ್ಕ್ಯಾನ್ ಮಾಡುತ್ತಾನೆ. ಕ್ಲಿನಿಕ್ ಬಾಗಿಲಿಗೂ ಅಂಥದ್ದೊಂದು ಕೋಡ್ ಕಡ್ಡಾಯ ಮಾಡಿ. ಸ್ಕ್ಯಾನ್ ಮಾಡಿದರೆ ಡಾಕ್ಟರ ಹೆಸರು, ಫೋಟೊ, ಏನು ಓದಿದ್ದಾರೆ, ನೋಂದಣಿ ಚಾಲ್ತಿಯಲ್ಲಿದೆಯೇ, ಯಾವತ್ತಾದರೂ ಅಮಾನತಾಗಿತ್ತೇ ಅನ್ನುವುದು ಕನ್ನಡದಲ್ಲಿ ಕಾಣಲಿ. ಲ್ಯಾಬಿಗೂ ಹಾಗೇ ಮಾಡಿ. ಮೆಡಿಕಲ್ ಶಾಪಿಗೂ ಮಾಡಿ. ನಮ್ಮ ಕಸುಬಿನಲ್ಲೂ ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟು ಬೇರೆ ಊರಿನಲ್ಲಿರುವವರಿದ್ದಾರೆ. ಗೋಡೆಯ ಮೇಲೆ ಒಬ್ಬರ ಫೋಟೊ, ಕೌಂಟರಿನಲ್ಲಿ ಇನ್ನೊಬ್ಬರು. ಅದೂ ನಿಲ್ಲಬೇಕು.

ಇಷ್ಟು ಹೇಳಿದ್ದು ನಕಲಿಗಳ ಬಗ್ಗೆ. ನನ್ನ ಮನಸ್ಸಿನಲ್ಲಿ ಇದಕ್ಕಿಂತ ಭಾರವಾಗಿರುವುದು ಬೇರೆ. ಅಸಲು ಆಸ್ಪತ್ರೆಯಲ್ಲಿ ಏನಾದರೂ ಎಡವಟ್ಟಾದರೆ ರೋಗಿಯ ಕಡೆಯವರು ಎಲ್ಲಿಗೆ ಹೋಗಬೇಕು?

ನನಗೆ ಬೇಕಾದ ಒಬ್ಬರು ರೇಷ್ಮೆ ರೀಲಿಂಗ್ ಕೂಲಿ ಮಾಡುತ್ತಾರೆ. ಅವರ ಮಗಳು ಹೆರಿಗೆಗೆ ಒಂದು ನರ್ಸಿಂಗ್ ಹೋಂ ಸೇರಿದಳು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಡಾಕ್ಟರದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹೆರಿಗೆಯಲ್ಲಿ ಯಾರ ತಪ್ಪೂ ಇಲ್ಲದೆ ರಕ್ತ ನಿಲ್ಲದೆ ಹೋಗುವುದುಂಟು. ಆ ತಂದೆ ಕೇಳಿದ್ದೂ ದುಡ್ಡಲ್ಲ. "ನನ್ನ ಮಗಳಿಗೆ ಏನಾಯ್ತು ಅಂತ ಯಾರಾದರೂ ಕೂತು ಹೇಳಲಿ ಸಾಕು" ಅಂದರು. ಕೇಸ್ ಶೀಟ್ ಕೇಳಿದರೆ "ಸಾಹೇಬರಿಲ್ಲ, ನಾಳೆ ಬನ್ನಿ" ಅಂದರಂತೆ. ನಾಳೆ ಹೋದರೆ ಮತ್ತೆ ನಾಳೆ. ಕೊನೆಗೆ ಕೊಟ್ಟದ್ದು ಒಂದು ಹಾಳೆ. ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ನಿಯಮದಲ್ಲಿದೆ. ಅದನ್ನು ನಾನು ಓದಿ ಹೇಳಿದೆ. "ಕೊಡದೇ ಇದ್ದರೆ?" ಅಂದರು.

ಕೊಡದೇ ಇದ್ದರೆ ವೈದ್ಯರ ನೋಂದಣಿ, ಶಿಸ್ತು ನೋಡಿಕೊಳ್ಳುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬೇಕು. ಅದು ಇರುವುದು ಬೆಂಗಳೂರಿನಲ್ಲಿ. ವಿಚಾರಣೆಗೆ ಕರೆದಾಗಲೆಲ್ಲ ಹೋಗಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು, ವೈದ್ಯಕೀಯ ಭಾಷೆ ಬಲ್ಲವರ ಎದುರು ನಿಂತು ಮಾತಾಡಬೇಕು. ನಾನು ಬರೆದುಕೊಟ್ಟ ಅರ್ಜಿಯನ್ನು ಅವರು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು. ಕಳಿಸಲೇ ಇಲ್ಲ. ಮನೆಯಲ್ಲಿ ಮಗು ನೋಡಿಕೊಳ್ಳಬೇಕಿತ್ತು.

ಗ್ರಾಹಕರ ನ್ಯಾಯಾಲಯ ಇದೆಯಲ್ಲ ಅನ್ನಬಹುದು. ಇದೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದರೆ ಅಲ್ಲಿ ಸಿಗುವುದು ಪರಿಹಾರದ ಹಣ. ಪರವಾನಗಿಯನ್ನು ಅದು ಮುಟ್ಟುವಂತಿಲ್ಲ. ಇನ್ನೊಂದು ಮಾತು ಗಮನಿಸಿ. ಗ್ರಾಹಕ ಆಯೋಗ ಜಿಲ್ಲೆಯಲ್ಲೇ ಕೂರುತ್ತದೆ. ಟಿವಿ ಕೆಟ್ಟರೆ ಜಿಲ್ಲೆಯಲ್ಲೇ ನ್ಯಾಯ ಕೇಳಬಹುದಾದರೆ, ಮಗಳು ಸತ್ತರೆ ಯಾಕೆ ಕೇಳಬಾರದು? ವೈದ್ಯಕೀಯ ಪರಿಷತ್ತು ಪ್ರತಿ ಜಿಲ್ಲೆಯಲ್ಲೂ ದೂರು ತೆಗೆದುಕೊಳ್ಳಲಿ. ವಿಚಾರಣೆಯನ್ನು ಜಿಲ್ಲೆಗೇ ಬಂದು ನಡೆಸಲಿ, ಕನ್ನಡದಲ್ಲಿ ನಡೆಸಲಿ. ಆರು ತಿಂಗಳೊಳಗೆ ತೀರ್ಮಾನ ಕೊಡಬೇಕು ಅನ್ನುವುದು ಈಗಲೂ ನಿಯಮದಲ್ಲಿದೆ. ಅದನ್ನು ಕಾಯ್ದೆಗೇ ಸೇರಿಸಿ.

ಖಾಸಗಿ ಆಸ್ಪತ್ರೆಗಳ ನೋಂದಣಿ, ದೂರು ನೋಡುವ ಒಂದು ಪ್ರಾಧಿಕಾರ ಜಿಲ್ಲೆಯಲ್ಲಿ ಈಗಾಗಲೇ ಇದೆ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಬಂದದ್ದು. ಆಗ ಆರೋಗ್ಯ ಸಚಿವರಾಗಿದ್ದವರು ನಮ್ಮ ಪಕ್ಕದ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್. ಆ ನವೆಂಬರಿನಲ್ಲಿ ರಾಜ್ಯದ ಖಾಸಗಿ ಡಾಕ್ಟರುಗಳು ಮುಷ್ಕರ ಮಾಡಿದರು. ಓಪಿಡಿಗಳು ಮುಚ್ಚಿದವು. ಡಾಕ್ಟರಿಗೆ ಜೈಲು ಅನ್ನುವ ಮಾತು ಎಲ್ಲರನ್ನೂ ಕೆರಳಿಸಿತ್ತು. ಜೈಲಿನ ಗಲಾಟೆಯಲ್ಲಿ ಉಳಿದ ಮಾತೆಲ್ಲ ಮುಳುಗಿಹೋಯಿತು ಅನ್ನುವುದು ನನ್ನ ಅಭಿಪ್ರಾಯ. ಕೊನೆಗೆ ಬಂದ ಕಾಯ್ದೆಯಲ್ಲಿ ಒಳ್ಳೆಯ ಅಂಶಗಳೂ ಇವೆ. ದರಪಟ್ಟಿ ಹಾಕಬೇಕು. ತುರ್ತಿನಲ್ಲಿ ಮುಂಗಡ ಕಟ್ಟಿ ಅಂತ ಕಾಯಿಸಬಾರದು. ಬಿಲ್ ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳಬಾರದು. ಇವನ್ನೆಲ್ಲ ಜಿಲ್ಲೆಯಲ್ಲೇ ಕೇಳಬಹುದು. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಆಯಿತು ಅಂದ ತಕ್ಷಣ ಕಡತ ಮತ್ತೆ ಬೆಂಗಳೂರಿನ ಪರಿಷತ್ತಿಗೇ ಹೋಗುತ್ತದೆ.

ಇನ್ನೊಂದು ಕೊರತೆ. ಈ ಕಾಯ್ದೆ ಖಾಸಗಿಗೆ ಮಾತ್ರ. ತಿದ್ದುಪಡಿಗೆ ಸಲಹೆ ಕೊಡಲು ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಸಮಿತಿ ಸರ್ಕಾರಿ ಆಸ್ಪತ್ರೆಗಳನ್ನೂ ಸೇರಿಸಿ ಅಂದಿತ್ತು, ಸರ್ಕಾರ ಸೇರಿಸಲಿಲ್ಲ. ನಮ್ಮ ಬಡವರು ಹೋಗುವುದು ಸರ್ಕಾರಿ ಆಸ್ಪತ್ರೆಗೆ. ಅವರಿಗೂ ಅದೇ ಹಕ್ಕುಗಳು ಬೇಕಲ್ಲವೇ?

ಮೇಲ್ಮನವಿಯ ವಿಚಾರ ನನಗೆ ಅತಿ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. 2019ರ ಕಾಯ್ದೆಯ 30ನೇ ಸೆಕ್ಷನ್ ಓದಿ ನೋಡಿ. ರಾಜ್ಯ ಪರಿಷತ್ತಿನ ತೀರ್ಮಾನದಿಂದ ನೊಂದ ವೈದ್ಯರು ದೆಹಲಿಯ ನೈತಿಕತೆ ಮತ್ತು ನೋಂದಣಿ ಮಂಡಳಿಗೆ ಮೇಲ್ಮನವಿ ಹಾಕಬಹುದು ಅಂತ ಅದರಲ್ಲಿದೆ. ನೊಂದ ರೋಗಿಯ ಮಾತು ಅಲ್ಲಿಲ್ಲ. ಹಳೆಯ 2002ರ ನಿಯಮಗಳಿಗೆ ಆಮೇಲೆ ಸೇರಿಸಿದ 8.8ನೇ ನಿಯಮದಲ್ಲಿ "ನೊಂದ ಯಾರೇ ಆಗಲಿ" ಅನ್ನುವ ಅವಕಾಶ ಇತ್ತು. ಹೊಸ ಕಾಯ್ದೆ ಬರೆಯುವಾಗ ಅದು ಕೈಬಿಟ್ಟುಹೋಯಿತು. ಮಂಡಳಿ ಮನಸ್ಸು ಮಾಡಿದರೆ ರೋಗಿಯ ಅರ್ಜಿ ಕೇಳಬಹುದು, ಮನಸ್ಸು ಬದಲಾದರೆ ಬಿಡಬಹುದು. ಹಕ್ಕು ಅಂದಮೇಲೆ ಯಾರ ಮನಸ್ಸಿನ ಮೇಲೂ ನಿಲ್ಲಬಾರದು. ತಿದ್ದುಪಡಿ ತನ್ನಿ ಅಂತ ವಿಧಾನಸಭೆಯಿಂದಲೇ ಒಂದು ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಿ.

ಎಲ್ಲವೂ ದೆಹಲಿಯ ಕೈಯಲ್ಲಿದೆ ಅಂತ ಮಾತ್ರ ಹೇಳಬೇಡಿ. ವೈದ್ಯ ವೃತ್ತಿ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಆಸ್ಪತ್ರೆ ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯದ ಪಟ್ಟಿಯಲ್ಲೇ ಇದೆ. 1961ರ ಕಾಯ್ದೆ ನಮ್ಮದೇ, ಕೆಪಿಎಂಇ ನಮ್ಮದೇ. ಪರಿಷತ್ತಿನಲ್ಲಿ ಬಹುಪಾಲು ವೈದ್ಯರೇ ಕೂತು ವೈದ್ಯರ ಮೇಲಿನ ದೂರು ಕೇಳುತ್ತಾರೆ. ಅವರು ನ್ಯಾಯವಾಗಿಯೇ ಕೇಳಬಹುದು. ಆದರೂ ಹೊರಗೆ ಕೂತವರಿಗೆ ನಂಬಿಕೆ ಬರುವುದಿಲ್ಲ. ಈ ಕೌನ್ಸಿಲ್ ಪದ್ಧತಿ ನಮಗೆ ಬಂದದ್ದು ಬ್ರಿಟನ್ನಿನಿಂದ. ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ 12 ಸದಸ್ಯರಲ್ಲಿ 6 ಮಂದಿ ವೈದ್ಯರಲ್ಲದವರು. ನಮ್ಮ ಪರಿಷತ್ತಿನಲ್ಲೂ ನಿವೃತ್ತ ನ್ಯಾಯಾಧೀಶರು, ಒಬ್ಬ ಅನುಭವಿ ನರ್ಸ್, ರೋಗಿಗಳ ಪರ ಕೆಲಸ ಮಾಡುವವರು ಯಾಕೆ ಇರಬಾರದು? ಅವರು ಕೊಡುವ ಪ್ರತಿ ತೀರ್ಮಾನಕ್ಕೂ ಕಾರಣ ಬರೆದು, ರೋಗಿಯ ಹೆಸರು ಮರೆಮಾಚಿ, ಎಲ್ಲರಿಗೂ ಓದಲು ಸಿಗುವ ಹಾಗೆ ಹಾಕಲಿ.

ಇದರಿಂದ ಡಾಕ್ಟರಿಗೆ ತೊಂದರೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆಸ್ಪತ್ರೆಯ ಗಾಜು ಒಡೆಯುವವರನ್ನು ನೋಡಿದ್ದೇನೆ. ಅವರನ್ನು ಸಮರ್ಥಿಸುವುದಿಲ್ಲ. ವೈದ್ಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯ 2009ರಲ್ಲೇ ಕಾಯ್ದೆ ಮಾಡಿದೆ, ಅದು ಬೇಕಾದದ್ದೇ. ಕೇಳುವವರಿಲ್ಲ ಅನ್ನಿಸಿದಾಗ ಜನ ಕಲ್ಲು ಎತ್ತಿಕೊಳ್ಳುತ್ತಾರೆ. ಮರುದಿನ ಬೆಳಗ್ಗೆ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ದೂರು ಬರೆದುಕೊಂಡು ಸಹಿ ಹಾಕಿ ರಸೀದಿ ಕೊಡುವವರು ಒಬ್ಬರಿದ್ದರೆ, ಆ ರಾತ್ರಿ ಡಾಕ್ಟರ ಮನೆ ಮುಂದೆ ಗುಂಪು ಸೇರುವುದು ಕಡಿಮೆಯಾಗುತ್ತದೆ. ತಪ್ಪಿಲ್ಲದ ಡಾಕ್ಟರಿಗೂ "ತಪ್ಪಿಲ್ಲ" ಅಂತ ಬರೆದ, ಕಾರಣ ಸಹಿತವಾದ ಒಂದು ಆದೇಶ ಸಿಗುತ್ತದೆ. ಈಗ ಅವರಿಗೆ ಅದೂ ಇಲ್ಲ. ಊರಿನ ಬಾಯಲ್ಲಿ ಬಿದ್ದರೆ ಬಿದ್ದದ್ದೇ.

ಒಬ್ಬರೇ ಡಾಕ್ಟರು ಕೂತು ನಡೆಸುವ ಚಿಕ್ಕ ಕ್ಲಿನಿಕ್ಕುಗಳ ಬಗ್ಗೆಯೂ ಒಂದು ಮಾತು. ಕೆಪಿಎಂಇ ನೋಂದಣಿ, ಮಾಲಿನ್ಯ ಮಂಡಳಿಯ ಅನುಮತಿ, ಆಸ್ಪತ್ರೆ ತ್ಯಾಜ್ಯದ ಒಪ್ಪಂದ ಅಂತ ಅವರು ಓಡಾಡುವುದನ್ನು ನೋಡಿದ್ದೇನೆ. ನೋಟಿಸ್ ಹೋಗುವುದು ನೋಂದಣಿ ಮಾಡಿಸಿಕೊಂಡವರಿಗೇ. ಮಾಡಿಸಿಕೊಳ್ಳದವನ ವಿಳಾಸವೇ ಕಚೇರಿಯಲ್ಲಿರುವುದಿಲ್ಲ. ನೂರು ಹಾಸಿಗೆಯ ಆಸ್ಪತ್ರೆಗೂ ಒಂದೇ ಮೇಜಿನ ಕ್ಲಿನಿಕ್ಕಿಗೂ ಕಾಗದ ಪತ್ರದ ಹೊರೆ ಒಂದೇ ಥರ ಹೊರಿಸಬೇಡಿ. ಚಿಕ್ಕವರ ಅರ್ಜಿ ಒಂದೇ ಕಡೆ, ಒಂದೇ ಸಲ ಮುಗಿಯುವ ಹಾಗೆ ಮಾಡಿ. ಇಲ್ಲದಿದ್ದರೆ ಓದಿದವರು ಹೋಬಳಿ ಬಿಟ್ಟು ಬೆಂಗಳೂರು ಸೇರುತ್ತಾರೆ, ಆ ಜಾಗಕ್ಕೆ ಮತ್ತೆ ಮಂಚ, ಮೊಳೆ, ಗ್ಲೂಕೋಸ್ ಬಾಟಲಿ ಬರುತ್ತದೆ.

ಮಾನ್ಯ ಸಚಿವರೇ, ಇವುಗಳಲ್ಲಿ ಕೆಲವಕ್ಕೆ ಹೊಸ ಕಾಯ್ದೆಯೇ ಬೇಡ. ಜಿಲ್ಲೆಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿ ತೆರೆಯಲು, ಕೇಸ್ ಶೀಟ್ ಕೊಡದ ಆಸ್ಪತ್ರೆಯನ್ನು ಜಿಲ್ಲಾ ಪ್ರಾಧಿಕಾರವೇ ಕರೆದು ಕೇಳಲು, ವಿಚಾರಣೆಯನ್ನು ಕನ್ನಡದಲ್ಲಿ ನಡೆಸಲು ಆದೇಶ ಸಾಕು. ಅದನ್ನು ಮೊದಲು ಮಾಡಿ. ಉಳಿದದ್ದಕ್ಕೆ ಮುಂದಿನ ಅಧಿವೇಶನದಲ್ಲಿ ತಿದ್ದುಪಡಿ ತನ್ನಿ. ಮಸೂದೆಯ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಡಾಕ್ಟರುಗಳ ಸಂಘವನ್ನು ಕರೆದಂತೆಯೇ ನರ್ಸುಗಳನ್ನು, ಆಶಾ ಕಾರ್ಯಕರ್ತೆಯರನ್ನು, ಫಾರ್ಮಸಿಸ್ಟರನ್ನು, ಚಿಕಿತ್ಸೆ ಪಡೆದ ಕುಟುಂಬಗಳನ್ನು ಕರೆದು ಕೇಳಿ. ಆ ಸಭೆಗಳಲ್ಲಿ ಒಂದನ್ನು ಚಿಂತಾಮಣಿಯಲ್ಲಿ ಇಡಿ. ರೀಲಿಂಗ್ ಕೂಲಿ ಮಾಡುವ ಆ ತಂದೆಯನ್ನು ನಾನೇ ಕರೆದುಕೊಂಡು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿಂತಾಮಣಿಯ ಒಬ್ಬ ಫಾರ್ಮಸಿಸ್ಟ್